ಮೂವತ್ತೆಂಟು ಮೈಕ್ರೊಸೆಕೆಂಡು

ಜೂನ್ ಹದಿನೈದು. ಮಲ್ಪೆ ಧಕ್ಕೆಯಲ್ಲಿ
ಬೋಟುಗಳು ಒಂದಕ್ಕೊಂದು ಒರಗಿ ನಿಂತಿವೆ.
ಕಡಲಿಗೆ ರಜೆ, ನನಗೆ ಸುಗ್ಗಿ:
ಉಪ್ಪು ತಿಂದ ವೈರು, ಕುರುಡಾದ ಪರದೆ,
ಮೇಜಿನ ತುಂಬ ಹನ್ನೊಂದು ಜಿಪಿಎಸ್.

ಹನ್ನೆರಡನೆಯದನ್ನು ಬೈರಾಸಿನಲ್ಲಿ ಸುತ್ತಿ ತಂದವರು
ತಾಂಡೇಲ ಐತಪ್ಪ ಮೆಂಡನ್.
"ಇದು ಸುಳ್ಳು ಹೇಳುತ್ತದೆ ಮಾರಾಯ್ತಿ,
ಕಲ್ಲಿನ ಮೇಲೆ ಬಲೆ ಹಾಕಿಸಿತು.
ಅಷ್ಟಕ್ಕೂ ಇದಕ್ಕೆ ದಾರಿ ಹೇಳುವವರು ಯಾರು?"

ಮಂಗಳಗಂಗೋತ್ರಿಯಲ್ಲಿ ನಾನು ಕಲಿತದ್ದನ್ನು
ಏಳು ವರ್ಷದಿಂದ ಯಾರೂ ಕೇಳಿರಲಿಲ್ಲ.
ಕೇಳಿದರಲ್ಲ, ಹೇಳಿದೆ:

ಇಪ್ಪತ್ತು ಸಾವಿರ ಕಿಲೋಮೀಟರು ಮೇಲೆ
ಸುತ್ತುತ್ತವೆ ಗಡಿಯಾರಗಳು.
ಭೂಮಿಯ ಹಿಡಿತ ಅಲ್ಲಿ ಸಡಿಲ, ಕಾಲಕ್ಕೆ ಅವಸರ.
ಓಡುವ ವೇಗಕ್ಕೆ ಚೂರು ಹಿಂದೆ ಬೀಳುತ್ತವೆ, ಆದರೂ
ದಿನಕ್ಕೆ ಮೂವತ್ತೆಂಟು ಮೈಕ್ರೊಸೆಕೆಂಡು ಮುಂದೆ.
ತಿದ್ದದೆ ಬಿಟ್ಟರೆ ಇವತ್ತಿನ ಮಲ್ಪೆ
ನಾಳೆಗೆ ಮಟ್ಟು, ನಾಡಿದ್ದು ಕಾಪು ದಾಟೀತು.
ಮೊದಲ ಸಲ ಹಾರಿಸಿದಾಗ ನಂಬದವರೂ ಇದ್ದರು,
ತಿದ್ದುವ ಗುಂಡಿ ಒತ್ತದೆ ಇಪ್ಪತ್ತು ದಿನ ಕಾದರು.
ಲೆಕ್ಕ ಹೇಳಿದಷ್ಟೇ ಓಡಿತ್ತು ಗಡಿಯಾರ.

"ಹಾಗಾದರೆ ಮಾಳಿಗೆಯಲ್ಲಿ ಮಲಗುವ ನನ್ನ ಹೆಂಡತಿ
ನನಗಿಂತ ಬೇಗ ಮುದುಕಿ?"
ಹೌದು, ಲೆಕ್ಕಕ್ಕೂ ಸಿಗದಷ್ಟು.
"ಅವಳಿಗೆ ಹೇಳಬೇಡ."

ಆಮೇಲೆ ಅವರ ಸರದಿ.
ಅಪ್ಪನ ಕಾಲಕ್ಕೆ ಪೆಟ್ಟಿಗೆ ಎಲ್ಲಿ?
ಗುಡ್ಡದ ನೆತ್ತಿಗೆ ಒಂಟಿ ತಾಳೆಮರ ಹೊಂದಿ ನಿಂತರೆ
ದೋಣಿಯ ಕೆಳಗೆ ಅಂಜಲ್.
ಒಂದು ವರ್ಷ ಮರ ಎಡಕ್ಕೆ ಸರಿದು ಕಂಡಿತಂತೆ.
ಸರಿದದ್ದು ಮರವೋ, ದೋಣಿಯೋ, ನಡುವಿನ ಬೆಳಕೋ,
ಅಪ್ಪ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.
"ಕೊನೆಗೆ ನೋಡಿದರೆ, ಯಾರೋ ಅದನ್ನು ಕಡಿದು
ಪಕ್ಕದಲ್ಲೊಂದು ಎಳೆಯದು ಎದ್ದಿತ್ತು."

ಸೋಲ್ಡರಿಂಗ್ ಕಡ್ಡಿ ಕೈಯಲ್ಲೇ ಆರಿತು.
ಇದೇ ಪ್ರಶ್ನೆ, ಐತಪ್ಪಣ್ಣ.
ನೂರು ವರ್ಷದ ಹಿಂದೆ, ಮೇ ತಿಂಗಳ ಕೊನೆ,
ಇಲ್ಲಿ ಮಳೆಗೆ ಹೆದರಿ ದೋಣಿ ಮೇಲೆಳೆಯುವ ವಾರ,
ಆಫ್ರಿಕದ ಮಗ್ಗುಲಿನ ದ್ವೀಪದಲ್ಲಿ ಕೆಲವರು
ಮೋಡಕ್ಕೆ ಶಾಪ ಹಾಕುತ್ತ ಗ್ರಹಣ ಕಾದಿದ್ದರು.
ಕತ್ತಲಾದ ಐದು ನಿಮಿಷ
ಸೂರ್ಯನ ಅಂಚಿನ ಚುಕ್ಕಿಗಳ ಗುರುತು ಹಿಡಿದರು.
ಸರಿದಿದ್ದವು, ಒಂಚೂರು.
ಅಲ್ಲಿ ಯಾರೂ ಮರ ಕಡಿದಿರಲಿಲ್ಲ.
ಬೆಳಕು ಬರುವ ದಾರಿಯೇ ಬಾಗಿತ್ತು.

ಅದಕ್ಕೂ ಮೊದಲು, ತೋಪುಗಳ ಸದ್ದಿನ ನಡುವೆ
ಒಬ್ಬ ಆ ಸಮೀಕರಣಕ್ಕೆ ಮೊದಲ ಉತ್ತರ ಬರೆದ.
ಮೈಯೆಲ್ಲ ಬೊಕ್ಕೆ. ಮುಂದಿನ ಮಳೆಗಾಲ ಅವನಿಗೆ ಸಿಗಲಿಲ್ಲ.
ಅವನ ಕಾಗದದಲ್ಲಿ ಒಂದು ಮಡು ಇತ್ತು,
ಬೆಳಕೂ ಹೊರಬರದಂಥದ್ದು.
ಕಾಗದದ ಮಡು ಎಂದೇ ಬಹಳ ಜನ
ಬಹಳ ವರ್ಷ ಅದನ್ನು ದಾಟಿಕೊಂಡು ಹೋದರು.

ಎದುರಿನ ದ್ವೀಪದ ಕಂಬಗಲ್ಲು ನೋಡಿ.
ಬೆಂಕಿ ಆರಿ ಅದು ಮೂಲೆ ಮೂಲೆಯಾಗಿ ಸೀಳುವಾಗ,
ಅಂಥ ಎರಡು ಮಡು ಒಂದಾದಾಗ ಎದ್ದ ಅಲೆ
ನೂರಿಪ್ಪತ್ತು ಕೋಟಿ ವರ್ಷ ನಡೆದಾಗಿತ್ತು,
ಇನ್ನು ಒಂಬತ್ತು ಕೋಟಿ ಬಾಕಿ.
ಮುಟ್ಟಿದ್ದು ಮೊನ್ನೆ, ಎರಡು ಸಾವಿರದ ಹದಿನೈದರಲ್ಲಿ.
ನಾಲ್ಕು ಕಿಲೋಮೀಟರಿನ ತೋಳು ಅದಕ್ಕೆ ಮಿಸುಕಿದ್ದು
ಪರಮಾಣುವಿನ ಒಳಗಿನ ಕಾಳಿಗಿಂತ ಕಡಿಮೆ.
ಹಿಂಗೋಲಿಯಲ್ಲಿ ನಮ್ಮದೂ ಒಂದು ಏಳಬೇಕು.

"ಆ ಮಡುವಿನ ಅಡಿಯಲ್ಲಿ ಏನಿದೆ?"
ಲೆಕ್ಕ ಅಲ್ಲಿ ಮುರಿದು ಬೀಳುತ್ತದೆ.
ಗೊತ್ತಿಲ್ಲ. ಯಾರಿಗೂ.
"ಅದಕ್ಕೆ ಚಾರ್ಜ್ ಇಲ್ಲವಲ್ಲ?"

ಸುಳ್ಳು ಹೇಳಿದ್ದು ಕಾಲವಲ್ಲ, ಆಂಟೆನಾದ ತುಕ್ಕು.
ಇನ್ನೂರೈವತ್ತು ಅಂದೆ, ಇನ್ನೂರು ಕೊಟ್ಟರು.
ಪೆಟ್ಟಿಗೆ ಹಿಡಿದು ಇಬ್ಬರೂ ಮಾಡಿನ ಅಂಚಿಗೆ ಬಂದೆವು.
ಮಳೆಯಲ್ಲೇ ಒಂದು ಸಿಕ್ಕಿತು, ಎರಡು, ಮೂರು.
ನಾಲ್ಕನೆಯದಕ್ಕೆ ಮುಖ ಎತ್ತಿ ನೋಡುತ್ತ ನಿಂತೆವು,
ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.